ವಿದ್ಯಾರ್ಥಿಸಂಘಗಳ ಕೀಲಿಕೈ ಯಾರಲ್ಲಿರಬೇಕು?

ಪ್ರತಿ ವರ್ಷವೂ ನಮ್ಮ ವಿಶ್ವವಿದ್ಯಾಲಯಗಳು ಸಾವಿರಗಟ್ಟಲೆ ತರುಣ ತರುಣಿಯರಿಗೆ ನಿಲುವಂಗಿ ತೊಡಿಸಿ, ಪದವಿಪತ್ರವನ್ನು ಕೈಗಿತ್ತು, ಹರಸಿ ಕಳುಹಿಸುತ್ತಲಿವೆ. ಆ ಪತ್ರದಲ್ಲಿ ಅವರು ಓದಿದ ವಿಷಯವುಂಟು, ಪಡೆದ ದರ್ಜೆಯುಂಟು. ಹತ್ತು ಮಂದಿಯ ನಡುವೆ ಕುಳಿತು ಒಂದು ಕೆಲಸವನ್ನು ಕೊನೆಮುಟ್ಟಿಸುವ ಶಕ್ತಿ ಇವರಿಗೆ ಬಂದಿದೆಯೇ ಇಲ್ಲವೇ ಎಂಬ ಮಾತು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಊರಿಗೆ ಮರಳಿದ ಪದವೀಧರನನ್ನು ವಾಚನಾಲಯದ ಕಾರ್ಯಕಾರಿ ಮಂಡಲಿಗೋ ಸಹಕಾರಿ ಪತ್ತಿನ ಸಂಘಕ್ಕೋ ಸೇರಿಸಿ ನೋಡಿರಿ. ಮೊದಲನೆಯ ಸಭೆಗೆ ಉತ್ಸಾಹದಿಂದ ಬರುವನು; ಎರಡನೆಯದರಲ್ಲಿ ಸಿಟ್ಟಾಗುವನು; ಮೂರನೆಯದಕ್ಕೆ ಅವನ ರಾಜೀನಾಮೆಯಷ್ಟೇ ಬರುವುದು. ತನ್ನ ಸೂಚನೆಗೆ ಬಹುಮತ ದೊರೆಯದಿದ್ದರೆ ಅದನ್ನು ತನ್ನ ಅಪಮಾನವೆಂದೇ ಎಣಿಸುವನು. ಯಾರಾದರೂ ಜಮಾಖರ್ಚನ್ನು ಕೇಳಿದರೆ ತನ್ನನ್ನು ಕಳ್ಳನೆಂದರೆಂದು ಕೂಗಾಡುವನು. ನಮ್ಮ ಊರುಗಳಲ್ಲಿ ಅನೇಕ ಸಂಘಗಳು ಒಬ್ಬನೇ ಹಿರಿಯನ ಬೆನ್ನ ಮೇಲೆ ನಿಂತಿರುವುದೂ, ಆ ಹಿರಿಯನು ಕಣ್ಮುಚ್ಚಿದ ಮೇಲೆ ಎರಡು ಹೋಳಾಗುವುದೂ ಇದರಿಂದಲೇ.

ವಕೀಲಿ ವೃತ್ತಿಯಲ್ಲಿರುವ ನಮ್ಮಂಥವರಿಗೆ ಇದರ ಅನುಭವವು ಬೇಕಾದಷ್ಟಿದೆ. ಸಂಘಸಂಸ್ಥೆಗಳ ವ್ಯಾಜ್ಯಗಳು ನ್ಯಾಯಾಲಯಕ್ಕೆ ಬಂದಾಗ ಅನೇಕ ಸಲ ಅಲ್ಲಿ ಹಣ ನುಂಗಿದವರು ಯಾರೂ ಇರುವುದಿಲ್ಲ. ಸಭೆಯ ನೋಟೀಸು ಕಳುಹಿಸಿರುವುದಿಲ್ಲ, ಠರಾವನ್ನು ಬರೆದಿಟ್ಟಿರುವುದಿಲ್ಲ, ಬರೆದಿದ್ದರೆ ಮುಂದಿನ ಸಭೆಯಲ್ಲಿ ಓದಿ ಮಂಜೂರು ಮಾಡಿರುವುದಿಲ್ಲ. ಎರಡೂ ಪಕ್ಷಗಳಲ್ಲಿ ಪದವೀಧರರೇ ತುಂಬಿರುತ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಮಂದಿ ಕೂಡಿದರೆ ಒಂದು ಸಂಘವನ್ನು ನೋಂದಾಯಿಸಬಹುದು. ಏಳು ಮಂದಿಯನ್ನು ಕೂಡಿಸುವುದು ಸುಲಭ. ಅವರು ಏಳು ವರ್ಷ ಕೂಡಿಯೇ ಇರುವಂತೆ ಮಾಡುವ ವಿದ್ಯೆಯನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೆ?

ತರಗತಿಯಲ್ಲಿ ಅದನ್ನು ಕಲಿಸಲಾಗದು. ನೀರಿಗಿಳಿಯದೆ ಈಜು ಬಾರದು. ಈ ವಿದ್ಯೆಯ ಶಾಲೆಯೆಂದರೆ ಕಾಲೇಜಿನ ಸಂಘ. ಚರ್ಚಾಕೂಟವಿರಲಿ, ಸಾಹಿತ್ಯ ಸಂಘವಿರಲಿ, ನಾಟಕದ ಮಂಡಲಿಯಿರಲಿ, ವಿಜ್ಞಾನ ಪರಿಷತ್ತಿರಲಿ. ಆದರೆ ಅದಕ್ಕೊಂದು ಕರಾರುಂಟು. ಸಂಘವು ವಿದ್ಯಾರ್ಥಿಗಳದೇ ಆಗಿರಬೇಕು. ಅಧ್ಯಕ್ಷನನ್ನು ಅವರೇ ಆರಿಸಬೇಕು, ವರ್ಗಣಿಯನ್ನು ಅವರೇ ಕೂಡಿಸಬೇಕು, ಲೆಕ್ಕವನ್ನು ಅವರೇ ಒಪ್ಪಿಸಬೇಕು, ತಪ್ಪಿದರೆ ಅವರೇ ತಿದ್ದಿಕೊಳ್ಳಬೇಕು. ಪದವೀಧರನ ಮುಂದಿನ ಬಾಳಿಗೆ ರೂಪು ಕೊಡುವುದು ವೇದಿಕೆಯ ಮೇಲಿನ ಭಾಷಣಕ್ಕಿಂತ ಹೆಚ್ಚಾಗಿ, ಆ ವೇದಿಕೆಯ ಹಿಂದಿನ ಈ ಜವಾಬುದಾರಿಯೇ ಎಂಬುದು ನಮ್ಮ ವಾದ. ಇದಕ್ಕೆ ಸಾಕ್ಷ್ಯವನ್ನು ಕ್ರಮವಾಗಿ ಒಪ್ಪಿಸುವೆವು.

ಮೊದಲನೆಯ ಸಾಕ್ಷ್ಯವು ಕಲಕತ್ತೆಯದು. ಅಲ್ಲಿಯ ಹಿಂದೂ ಕಾಲೇಜಿನಲ್ಲಿ ಡಿರೋಜಿಯೋ ಎಂಬ ಎಳೆಯ ಪ್ರಾಯದ ಉಪಾಧ್ಯಾಯನಿದ್ದನು. ಅವನ ಸುತ್ತ 1828ರಲ್ಲಿ ವಿದ್ಯಾರ್ಥಿಗಳ ಒಂದು ಚರ್ಚಾಕೂಟವು ಹುಟ್ಟಿತು. ಹುಡುಗರು ಕೆಡುತ್ತಿರುವರೆಂದು ಊರಿನ ಹಿರಿಯರು ಬೊಬ್ಬೆಯಿಟ್ಟರು. 1831ರಲ್ಲಿ ಡಿರೋಜಿಯೋ ಕೆಲಸ ಬಿಡಬೇಕಾಯಿತು. ಅದೇ ವರ್ಷ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಗುರುವು ಹೋದರೂ ಕೂಟದ ಅಭ್ಯಾಸವು ಹೋಗಲಿಲ್ಲ. ಆ ಕಾಲೇಜಿನಿಂದ ಹೊರಬಿದ್ದ ತರುಣರು 1838ರಲ್ಲಿ ಜ್ಞಾನಾರ್ಜನೆಗಾಗಿ ಇನ್ನೊಂದು ಸಭೆಯನ್ನು ಕಟ್ಟಿದರು. 1843ರ ಫೆಬ್ರುವರಿಯಲ್ಲಿ ಆ ಸಭೆಯು ಕಾಲೇಜಿನ ಸಭಾಗೃಹದಲ್ಲಿ ಕೂಡಿದ್ದಾಗ ದಕ್ಷಿಣಾರಂಜನ ಮುಖೋಪಾಧ್ಯಾಯನು ಕಂಪನಿ ಸರಕಾರದ ಫೌಜುದಾರಿ ನ್ಯಾಯಾಲಯಗಳ ಮತ್ತು ಪೋಲೀಸರ ಸ್ಥಿತಿಯ ಮೇಲೆ ಪ್ರಬಂಧವೊಂದನ್ನು ಓದುತ್ತಿದ್ದನು. ಕಾಲೇಜಿನ ಮುಖ್ಯಸ್ಥನಾದ ಕ್ಯಾಪ್ಟನ್ ರಿಚರ್ಡ್‌ಸನ್ ನಡುವೆ ಎದ್ದು, ಈ ಸ್ಥಳವನ್ನು ರಾಜದ್ರೋಹದ ಗವಿಯನ್ನಾಗಿ ಮಾಡಗೊಡೆನೆಂದು ಗರ್ಜಿಸಿದನು. ಆಗ ಅಧ್ಯಕ್ಷಪೀಠದಲ್ಲಿದ್ದವನು ಅದೇ ಕಾಲೇಜಿನಲ್ಲಿ ಕಲಿತ ತಾರಾಚಂದ ಚಕ್ರವರ್ತಿ. ಅವನು ಹೆದರಲಿಲ್ಲ, ಹಾರಾಡಲೂ ಇಲ್ಲ. ತಾವು ಇಲ್ಲಿ ಬಂದವರಷ್ಟೆ, ಸಭೆಯ ಕಲಾಪವನ್ನು ತಡೆಯುವ ಅಧಿಕಾರವು ತಮಗಿಲ್ಲ, ಆಡಿದ ಮಾತನ್ನು ಹಿಂದೆಗೆದುಕೊಳ್ಳಬೇಕು ಎಂದು ಮುಖ್ಯಸ್ಥನಿಗೇ ವಿಧಿಸಿದನು.

ವಾಚಕರು ಈ ಪ್ರಸಂಗವನ್ನು ಚೆನ್ನಾಗಿ ಮನನ ಮಾಡಬೇಕು. ಅದು ಕಂಪನಿಯ ಆಳಿಕೆಯ ಕಾಲ. ಆ ಕಟ್ಟಡವು ಮುಖ್ಯಸ್ಥನ ಕೈಯೊಳಗಿನದು. ಎದುರು ನಿಂತವನು ಬಿಳಿಯ ಸೈನ್ಯಾಧಿಕಾರಿ. ಇಷ್ಟಿದ್ದೂ ಒಬ್ಬ ಪದವೀಧರನು ಪೀಠದ ಮರ್ಯಾದೆಯನ್ನು ಕಾಪಾಡಿದನು. ಈ ಎದೆಗಾರಿಕೆಯನ್ನು ಅವನು ಷೇಕ್ಸ್‌ಪಿಯರನ ಪಾಠದಿಂದ ಪಡೆದನೆನ್ನುವಿರಾ? ಆ ಪಾಠವನ್ನು ಹೇಳುತ್ತಿದ್ದವನು ರಿಚರ್ಡ್‌ಸನ್ನನೇ! ಅಧ್ಯಕ್ಷನೆಂದರೆ ಯಾರು, ಅವನ ಮಾತು ಎಲ್ಲಿಯವರೆಗೆ ನಡೆಯತಕ್ಕದ್ದು ಎಂಬುದನ್ನು ಆ ತಲೆಮಾರಿನವರು ಕಲಿತದ್ದು ತಮ್ಮ ಕೂಟಗಳಲ್ಲಿ.

ಎರಡನೆಯ ಸಾಕ್ಷ್ಯವು ಮುಂಬಯಿಯದು. ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು 1848ರಲ್ಲಿ ಸಾಹಿತ್ಯ ಮತ್ತು ವಿಜ್ಞಾನಗಳ ಸಂಘವೊಂದನ್ನು ಸ್ಥಾಪಿಸಿದರು. ಪ್ರಬಂಧಗಳನ್ನು ಓದುವುದು, ಚರ್ಚಿಸುವುದು ಅದರ ಮೊದಲ ಕೆಲಸ. ಸ್ತ್ರೀಶಿಕ್ಷಣವು ಬೇಕೆಂದು ಸಭೆಯಲ್ಲಿ ಮಾತಾಡಿದವರು ಮಾತಿಗೇ ನಿಲ್ಲಲಿಲ್ಲ. 1849ರಲ್ಲಿ ಆ ಸಂಘವೇ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಯಿತು, ಸಂಘದ ಸದಸ್ಯರೇ ಸಂಬಳವಿಲ್ಲದೆ ಪಾಠ ಹೇಳಿದರು. ಈ ಗುಂಪಿನ ಮುಂದಾಳುಗಳಲ್ಲಿ ಒಬ್ಬರು ದಾದಾಭಾಯಿ ನವರೋಜಿ. ಆಗ ಅವರ ವಯಸ್ಸು ಇಪ್ಪತ್ತಮೂರು. ಮುಂದೆ 1866ರಲ್ಲಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಶನ್ ಕಟ್ಟಿದವರೂ, 1886ರಲ್ಲಿ ರಾಷ್ಟ್ರೀಯ ಸಭೆಯ ಅಧ್ಯಕ್ಷರಾದವರೂ, 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿಬಂದವರೂ ಅವರೇ. ಮುಂಬಯಿ ವಿಶ್ವವಿದ್ಯಾಲಯವು ಹುಟ್ಟಿದ್ದು 1857ರಲ್ಲಿ. ಅಂದರೆ ಪದವಿ ಕೊಡುವ ಸಂಸ್ಥೆಗಿಂತ ಒಂಬತ್ತು ವರ್ಷ ಮೊದಲೇ ಪುರುಷರನ್ನು ರೂಪಿಸುವ ಸಂಸ್ಥೆಯು ಅಲ್ಲಿ ಕೆಲಸ ಮಾಡುತ್ತಿದ್ದಿತು.

ಇದು ಹೊರಗಿನವರ ಮಾತಾಯಿತೆಂದು ಯಾರಾದರೂ ಅಂದಾರು. ಹಾಗಾದರೆ ನಮ್ಮ ನಾಡಿನ ಕಡೆಗೇ ತಿರುಗೋಣ. ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದು 1890ರಲ್ಲಿ; ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 1949ರಲ್ಲಿ. ಇವೆರಡರ ನಡುವೆ ಸುಮಾರು ಅರುವತ್ತು ವರ್ಷಗಳು. ಆ ಅರುವತ್ತು ವರ್ಷಗಳಲ್ಲಿ, ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದೆಡೆ ಕೂಡಿ ಕನ್ನಡದಲ್ಲಿಯೇ ವಿಚಾರ ಮಾಡಲಿಕ್ಕೆ ಒಂದು ಮನೆಯಿದ್ದಿತೆಂದರೆ ಅದಕ್ಕೆ ಕಾರಣವು ಸರಕಾರವಲ್ಲ, ವಿಶ್ವವಿದ್ಯಾಲಯವಲ್ಲ. ವರ್ಗಣಿ ಕೊಟ್ಟು ಸಭೆ ನಡೆಸಿದ ಸುಶಿಕ್ಷಿತರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು 1911ರಲ್ಲಿ ಉಪನ್ಯಾಸ ಮಾಡಿದ್ದೂ ಈ ಸಂಘದಲ್ಲಿಯೇ. ಒಂದು ಸೀಮೆಯ ಉಪಾಧ್ಯಾಯನಿಗೆ ಇನ್ನೊಂದು ಸೀಮೆಯ ಕಿವಿಗಳನ್ನು ಒದಗಿಸಿಕೊಟ್ಟದ್ದು ಸಂಘ. 1956ರ ನವೆಂಬರ 1ಕ್ಕೆ ನಾಡು ಒಂದಾಗುವುದಕ್ಕೆ ನಾಲ್ವತ್ತೈದು ವರ್ಷ ಮೊದಲೇ ಆ ಸಭಾಗೃಹದಲ್ಲಿ ಅದು ಒಂದಾಗಿ ಕುಳಿತಿದ್ದಿತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವನ್ನು ನೋಡಿರಿ. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲವದು. ಎ. ಆರ್. ಕೃಷ್ಣಶಾಸ್ತ್ರಿಗಳು ಮುಂದೆ ನಿಂತರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವೆಂಬ ಪತ್ರಿಕೆಯು ಹೊರಟಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಎಂ. ಎ. ತರಗತಿಯು ಆರಂಭವಾದದ್ದು 1927ರಲ್ಲಿ. ಕನ್ನಡದಲ್ಲಿ ಎಂ. ಎ. ಪದವಿ ಕೊಡಬಹುದೆಂದು ವಿಶ್ವವಿದ್ಯಾಲಯಕ್ಕೆ ಹೊಳೆಯುವ ಎಂಟು ವರ್ಷ ಮೊದಲೇ ಕನ್ನಡದಲ್ಲಿ ವಿದ್ವತ್ತಿನ ಪತ್ರಿಕೆ ನಡೆಸಬಹುದೆಂದು ಒಂದು ಕಾಲೇಜಿನ ಸಂಘಕ್ಕೆ ಹೊಳೆದಿದ್ದಿತು! ಮುಂದೆ ಆ ಪತ್ರಿಕೆಯನ್ನು ವಿಶ್ವವಿದ್ಯಾಲಯವೇ ವಹಿಸಿಕೊಂಡಿತು. ಸಂಘವು ಮುಂದೆ ನಡೆಯುವುದು, ವಿಶ್ವವಿದ್ಯಾಲಯವು ಹಿಂದಿನಿಂದ ಬರುವುದು. ಮುಂಬಯಿ, ಧಾರವಾಡ, ಬೆಂಗಳೂರು ಮೂರರಲ್ಲಿಯೂ ಇದೇ ಕ್ರಮ.

ಈಗ ಪ್ರತಿಪಕ್ಷದವರು ತಮ್ಮ ಪ್ರಮಾಣವೆಂದು ಮುಂದಿಡುವ ವಿಲಾಯತಿಗೇ ಹೋಗೋಣ. 1823ರಲ್ಲಿ ಸ್ಥಾಪಿತವಾದ ಆಕ್ಸ್‌ಫರ್ಡ್ ಯೂನಿಯನ್ನಿನಲ್ಲಿ ಅಧ್ಯಕ್ಷನು ಒಂದು ಅವಧಿಗೆ ಮಾತ್ರ ಪೀಠವನ್ನೇರುವನು. ವರ್ಷಕ್ಕೆ ಮೂರು ಅವಧಿ, ಮೂವರು ಅಧ್ಯಕ್ಷರು. ಪೀಠವನ್ನು ಏರುವುದನ್ನಲ್ಲದೆ ಇಳಿಯುವುದನ್ನೂ ಅಲ್ಲಿ ಕಲಿಯಬೇಕಾಗುವುದು. 1933ರ ಫೆಬ್ರುವರಿ 9ರಂದು, ಅರಸನಿಗಾಗಿಯೂ ದೇಶಕ್ಕಾಗಿಯೂ ಯಾವ ಪರಿಸ್ಥಿತಿಯಲ್ಲಿಯೂ ಯುದ್ಧಮಾಡೆವೆಂಬ ಠರಾವನ್ನು ಆ ವಿದ್ಯಾರ್ಥಿಗಳು 153ರ ವಿರುದ್ಧ 275 ಮತಗಳಿಂದ ಅಂಗೀಕರಿಸಿದರು. ದೇಶವೇ ಕೆರಳಿತು. ಠರಾವನ್ನು ನಡವಳಿಯ ಪುಸ್ತಕದಿಂದಲೇ ಅಳಿಸಿಹಾಕಬೇಕೆಂದು ಚರ್ಚಿಲ್ಲರ ಮಗ ರ್ಯಾಂಡಾಲ್ಫನು ಮಾರ್ಚಿಯಲ್ಲಿ ಸೂಚನೆ ತಂದನು. ಅವನಿಗೆ ಬಂದ ಮತಗಳು 138. ವಿರುದ್ಧ ಬಿದ್ದವು 750. ಮೊದಲನೆಯ ಠರಾವು ಸರಿಯೋ ತಪ್ಪೋ ಎಂಬ ವಾದವು ಬೇರೆ. ಆದರೆ ಮೊದಲ ದಿನದ 275 ಎಲ್ಲಿ, ಎರಡನೆಯ ದಿನದ 750 ಎಲ್ಲಿ! ಒಮ್ಮೆ ಕ್ರಮಬದ್ಧವಾಗಿ ಆದ ಠರಾವನ್ನು ಹೊರಗಿನ ಸಿಟ್ಟಿಗೆ ಅಂಜಿ ಅಳಿಸಬಾರದೆಂಬುದರಲ್ಲಿ ಅಷ್ಟು ದೊಡ್ಡ ಬಹುಮತವಿದ್ದಿತು. ನಡವಳಿಯ ಪುಸ್ತಕದ ಮೇಲಿನ ಈ ನಿಷ್ಠೆಯನ್ನು ಇಪ್ಪತ್ತರ ವಯಸ್ಸಿನಲ್ಲಿ ಕಲಿತವನು ಐವತ್ತರಲ್ಲಿ ದಾಖಲೆ ತಿದ್ದಲಿಕ್ಕೆ ಅಂಜುವನು.

ಈ ಪೀಠದಲ್ಲಿ ಕನ್ನಡಿಗನೊಬ್ಬನೂ ಕುಳಿತಿದ್ದನು. ಧಾರವಾಡದ ಕರ್ನಾಟಕ ಕಾಲೇಜಿನಿಂದ 1958ರಲ್ಲಿ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದ ಗಿರೀಶ ಕಾರ್ನಾಡರು 1962–63ರಲ್ಲಿ ಯೂನಿಯನ್ನಿನ ಅಧ್ಯಕ್ಷರಾಗಿ ಆರಿಸಿಬಂದರು. ನಾಟಕ ಬರೆಯುವ ಶಕ್ತಿಯು ಚುನಾವಣೆಯಿಂದ ಬಂತೆಂದು ನಾವು ಹೇಳುವುದಿಲ್ಲ. ಅದು ಅವರಲ್ಲಿಯೇ ಇದ್ದಿತು. ಆದರೆ ಅದೇ ಮನುಷ್ಯನು ಮುಂದೆ ಪುಣೆಯ ಚಲನಚಿತ್ರ ಸಂಸ್ಥೆಗೆ ನಿರ್ದೇಶಕನಾಗಿ, 1988ರಿಂದ 1993ರವರೆಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಗೆ ಅಧ್ಯಕ್ಷನಾಗಿ ದುಡಿದದ್ದನ್ನು ಮರೆಯಬಾರದು. ಬರೆಯುವವರು ನಮ್ಮಲ್ಲಿ ಬಹಳ. ಬರೆಯುವುದರೊಡನೆ ಸಂಸ್ಥೆಯನ್ನೂ ನಡೆಸಬಲ್ಲವರು ಎಷ್ಟು ಮಂದಿ?

ಸಂಘಗಳೆಲ್ಲವೂ ಒಳ್ಳೆಯವೆಂದು ಮಾತ್ರ ಯಾರೂ ತಿಳಿಯಬಾರದು. ಇದೇ ಯೂನಿಯನ್ನು 1963ರವರೆಗೆ ಹೆಂಗಸರನ್ನು ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಬಾಗಿಲು ತೆರೆದ ಮೇಲೆ ಹದಿನಾಲ್ಕೇ ವರ್ಷಗಳಲ್ಲಿ, 1977ರಲ್ಲಿ, ಬೇನಜೀರ ಭುಟ್ಟೋ ಅಲ್ಲಿಯ ಅಧ್ಯಕ್ಷಳಾದಳು. ಹಾಗಾದರೆ ಅದಕ್ಕೆ ಹಿಂದಿನ ನೂರನಾಲ್ವತ್ತು ವರ್ಷಗಳಲ್ಲಿ ಎಂತೆಂತಹ ಹೆಣ್ಣುಮಕ್ಕಳು ಹೊರಗೇ ಉಳಿದರೋ! ಅದೇ ಊರಿನಲ್ಲಿ ಬುಲ್ಲಿಂಗ್‌ಡನ್ ಎಂಬ ಇನ್ನೊಂದು ಕೂಟವೂ ಉಂಟು. ಹಣವಂತರ ಮಕ್ಕಳನ್ನು ಆರಿಸಿ ಕರೆದುಕೊಳ್ಳುವುದು, ಬೆಲೆಬಾಳುವ ಉಡುಪು ತೊಡಿಸುವುದು, ಭೋಜನಗೃಹಗಳಲ್ಲಿ ಸಾಮಾನು ಒಡೆದು ದುಡ್ಡು ಚೆಲ್ಲಿ ಹೊರಡುವುದು, ಇದು ಅದರ ಕುಪ್ರಸಿದ್ಧಿ. ಡೇವಿಡ್ ಕ್ಯಾಮರನ್, ಬೋರಿಸ್ ಜಾನ್ಸನ್ ಇಬ್ಬರೂ ಈ ಕೂಟದವರು; ಇಬ್ಬರೂ ಇಂಗ್ಲಂಡಿನ ಪ್ರಧಾನಿಗಳಾದರು. ಜಾನ್ಸನ್ನರು 1986ರಲ್ಲಿ ಯೂನಿಯನ್ನಿನ ಅಧ್ಯಕ್ಷರೂ ಆಗಿದ್ದರು. ಅವರ ಆಳಿಕೆಯ ಗುಣದೋಷಗಳನ್ನು ಆ ದೇಶದವರು ತೂಗಿ ನೋಡಲಿ. ನಮಗೆ ಬೇಕಾದ ಪಾಠವಿಷ್ಟೆ: ಬಾಗಿಲು ಮುಚ್ಚಿದ ಕೂಟವು ಸ್ನೇಹಿತರನ್ನು ಕೊಡುವುದು, ನಾಗರಿಕರನ್ನು ಕೊಡಲಾರದು, ಬರಿಯ ವಾಕ್ಚಾತುರ್ಯವನ್ನು ಕಲಿಸುವ ಸಭೆಯು ಯಾವ ಪಕ್ಷವನ್ನಾದರೂ ವಾದಿಸಬಲ್ಲವನನ್ನು ಕೊಡುವುದು, ಯಾವುದಾದರೊಂದು ಪಕ್ಷದಲ್ಲಿ ನಿಲ್ಲಬಲ್ಲವನನ್ನು ಕೊಡುವುದೆಂಬ ಭರವಸೆಯಿಲ್ಲ. ಸಂಘದ ನಿಯಮಾವಳಿ ಹೇಗೋ ಅದರಿಂದ ಹೊರಬಿದ್ದವನ ಶೀಲವೂ ಹಾಗೆಯೇ.

ಇನ್ನು ನಮ್ಮ ಕಾಲೇಜುಗಳ ಸ್ಥಿತಿಯನ್ನು ನೋಡೋಣ. ಹೆಸರಿಗೆ ಸಂಘಗಳು ಬೇಕಾದಷ್ಟಿವೆ. ವಾರ್ಷಿಕ ವರದಿಯಲ್ಲಿ ಅವುಗಳ ಪಟ್ಟಿಯು ಪುಟ ತುಂಬುವುದು. ಆದರೆ ಎಷ್ಟೋ ಕಡೆಗೆ ಕಾರ್ಯದರ್ಶಿಯನ್ನು ನೇಮಿಸುವವರು ಪ್ರಾಚಾರ್ಯರು. ಅಂಕಗಳ ಪಟ್ಟಿಯನ್ನು ನೋಡಿ ನೇಮಿಸುವರು. ಶುಲ್ಕದೊಡನೆ ಹಣ ವಸೂಲಾಗುವುದು; ಅದರ ಲೆಕ್ಕವು ಕಚೇರಿಯ ಕಪಾಟಿನಲ್ಲಿರುವುದು. ಉದ್ಘಾಟನೆಗೊಬ್ಬ ಅತಿಥಿ, ಸಮಾರೋಪಕ್ಕೊಬ್ಬ ಅತಿಥಿ, ಎರಡು ಶಾಲು, ಎರಡು ಹಾರ, ಒಂದು ಫೋಟೋ. ಸಂಘದ ವರ್ಷವು ಮುಗಿಯಿತು! ವಿದ್ಯಾರ್ಥಿಯ ಕೆಲಸವೆಂದರೆ ಕುರ್ಚಿ ಜೋಡಿಸುವುದು, ವಂದನಾರ್ಪಣೆ ಮಾಡುವುದು. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು?

ಇನ್ನೂ ಒಂದು ವಿಚಿತ್ರವಿದೆ. 1989ರಲ್ಲಿ ಸಂವಿಧಾನದ ಅರುವತ್ತೊಂದನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕಿಳಿಯಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ, ಹೊಡೆದಾಟಗಳ ಕಾರಣವೊಡ್ಡಿ, ಕರ್ನಾಟಕದಲ್ಲಿ ಕಾಲೇಜಿನ ಚುನಾವಣೆಗಳಿಗೆ ತಡೆ ಬಿದ್ದಿತು. ರಾಷ್ಟ್ರದ ಆಳಿಕೆಯನ್ನು ನಿರ್ಣಯಿಸಲಿಕ್ಕೆ ಯೋಗ್ಯನಾದವನು ತನ್ನ ಚರ್ಚಾಕೂಟದ ಕಾರ್ಯದರ್ಶಿಯನ್ನು ಆರಿಸಲಿಕ್ಕೆ ಅಯೋಗ್ಯನಾದನು! ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ ಹತ್ತೊಂಬತ್ತನೆಯ ಅನುಚ್ಛೇದವು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಕಾಲೇಜಿನ ಹೆಬ್ಬಾಗಿಲಲ್ಲಿ ಅದನ್ನು ಕಳಚಿಟ್ಟು ಒಳಗೆ ಹೋಗಬೇಕೆಂದು ಅದರಲ್ಲಿ ಬರೆದಿಲ್ಲ.

ಪ್ರತಿವಾದಿಗಳ ಮೊದಲನೆಯ ಆಕ್ಷೇಪವು ಇದು: ಸಂಘಗಳಿಂದ ಓದು ಕೆಡುವುದು, ತಾಯಿತಂದೆಗಳ ಹಣ ಪೋಲಾಗುವುದು. ಓದಿನ ವೇಳೆಯನ್ನು ನುಂಗುವ ಸಂಘವು ಕೆಟ್ಟದ್ದೆಂಬುದನ್ನು ಒಪ್ಪುವೆವು. ಆದರೆ ಹದಿನೈದು ದಿನಕ್ಕೊಂದು ಸಂಜೆ ಸಭೆಯಲ್ಲಿ ಕುಳಿತುದರಿಂದ ಕೆಟ್ಟುಹೋಗುವ ಓದು ಎಂತಹ ಓದು? ಸಂಘವಿಲ್ಲದ ಸಂಜೆಗಳನ್ನು ನಮ್ಮ ತರುಣರು ಪುಸ್ತಕದ ಮುಂದೆಯೇ ಕಳೆಯುತ್ತಿರುವರೆಂದು, ಅಂಗೈಯೊಳಗಿನ ಮೊಬೈಲುಗಳನ್ನು ಕಂಡ ಯಾವ ತಂದೆಯಾದರೂ ಪ್ರಮಾಣಮಾಡಿ ಹೇಳಬಲ್ಲನೇ?

ಎರಡನೆಯ ಆಕ್ಷೇಪವು ಗಟ್ಟಿಯಾದದ್ದು. ಚುನಾವಣೆಯೆಂದರೆ ಪಕ್ಷಗಳು ನುಗ್ಗುವವು, ಜಾತಿಯು ನುಗ್ಗುವುದು, ಹಣವು ಹರಿಯುವುದು, ತಲೆಗಳು ಒಡೆಯುವವು. ಇದು ಸುಳ್ಳಲ್ಲ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರುಂಟೆ? ರೋಗಕ್ಕೆ ಔಷಧವನ್ನು ನ್ಯಾಯಾಲಯವೇ ಸೂಚಿಸಿದೆ. ಹಿಂದೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಲಿಂಗ್ಡೋ ಅವರ ಸಮಿತಿಯು ಕೊಟ್ಟ ಶಿಫಾರಸುಗಳನ್ನು ಜಾರಿಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರದಲ್ಲಿ ಆಜ್ಞೆ ಮಾಡಿತು. ಒಬ್ಬ ಉಮೇದುವಾರನ ಖರ್ಚು 5,000 ರೂಪಾಯಿ ಮೀರಬಾರದು. ಅಚ್ಚುಹಾಕಿಸಿದ ಭಿತ್ತಿಪತ್ರ ಕೂಡದು, ಕೈಯಿಂದ ಬರೆದದ್ದೇ ಆಗಬೇಕು. ನೂರಕ್ಕೆ 75ರಷ್ಟು ಹಾಜರಿಯಿಲ್ಲದವನು ನಿಲ್ಲಬಾರದು. ಫಲಿತಾಂಶ ಬಂದ ಎರಡು ವಾರಗಳೊಳಗೆ ಖರ್ಚಿನ ಲೆಕ್ಕವನ್ನು ಒಪ್ಪಿಸಬೇಕು. ಇವುಗಳಲ್ಲಿ ಯಾವುದು ಅಸಾಧ್ಯವಾದದ್ದು? ಈ ನಿಯಮಗಳನ್ನು ಪಾಲಿಸಿ ಗೆದ್ದ ಹುಡುಗನು ನಾಳೆ ಜಿಲ್ಲಾ ಪಂಚಾಯತಿಗೋ ವಿಧಾನಸಭೆಗೋ ನಿಂತರೆ ಲಾಭವು ಯಾರಿಗೆ? ನಮಗೇ ಅಲ್ಲವೆ? ಕಾಲೇಜಿನಲ್ಲಿ ಚುನಾವಣೆ ನಿಂತಿತೆಂದು ಪಕ್ಷಗಳೇನು ಹೊರಗುಳಿಯಲಿಲ್ಲ. ಹೆಬ್ಬಾಗಿಲಿನಿಂದ ಬರತಕ್ಕವು ಹಿತ್ತಿಲಿನಿಂದ ಬಂದವು, ಲೆಕ್ಕ ಕೊಡುವ ಹಂಗಿಲ್ಲದೆ ಬಂದವು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಪ್ರತಿ ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರನ್ನೂ ಸದಸ್ಯರು ಗುಪ್ತಮತದಿಂದ ಆರಿಸಲಿ. ಒಬ್ಬನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪೀಠದಲ್ಲಿರದಿರಲಿ. ಶುಲ್ಕದಿಂದ ಬಂದ ಹಣದಲ್ಲಿ ಒಂದು ಭಾಗವಾದರೂ ಸಂಘದ ಕೈಗೆ ಬರಲಿ. ಅದರ ಜಮಾಖರ್ಚನ್ನು ಮೂರು ತಿಂಗಳಿಗೊಮ್ಮೆ ತುಂಬಿದ ಸಭೆಯಲ್ಲಿ ಓದಲಿ. ನಡವಳಿಯ ಪುಸ್ತಕವು ಕನ್ನಡದಲ್ಲಿರಲಿ. ಯಾವ ಸದಸ್ಯನಾದರೂ ಕೇಳಿದೊಡನೆ ನೋಡುವಂತಿರಲಿ. ಹಳ್ಳಿಯಿಂದ ಬಂದವರಿಗೆ, ಹೆಣ್ಣುಮಕ್ಕಳಿಗೆ ಸಭೆಯ ವೇಳೆಯೇ ಅಡ್ಡಿಯಾಗದಂತೆ, ಬಸ್ಸು ತಪ್ಪದ ಹೊತ್ತಿಗೆ ಸಭೆಯು ಮುಗಿಯಲಿ. ಏಕೆಂದರೆ ಬಾಗಿಲು ತೆರೆದಿದ್ದೂ ಒಳಗೆ ಬರಲಾಗದಿದ್ದರೆ ಅದು ಮುಚ್ಚಿದ ಬಾಗಿಲೇ ಸರಿ. ಉಪಾಧ್ಯಾಯರು ಸಲಹೆಗಾರರಾಗಿ ಕೂಡ್ರಲಿ, ಪೀಠದಲ್ಲಿ ಬೇಡ.

ಉಪಾಧ್ಯಾಯ ಬಂಧುಗಳಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ವಿದ್ಯಾರ್ಥಿಗಳಿಗೆ ಸಂಘವನ್ನು ಬಿಟ್ಟುಕೊಟ್ಟರೆ ತಪ್ಪು ಮಾಡುವರು ನಿಜ. ನೋಟೀಸು ಕಳುಹಿಸಲು ಮರೆಯುವರು, ನಾಲ್ವತ್ತು ರೂಪಾಯಿ ಲೆಕ್ಕದಲ್ಲಿ ತಪ್ಪುವುದು, ಸೋತವರು ಎದ್ದುಹೋಗುವರು. ಆ ತಪ್ಪುಗಳನ್ನು ಅವರು ಈಗಲೇ ಮಾಡಲಿ, ನಾಲ್ವತ್ತು ರೂಪಾಯಿಯಲ್ಲಿಯೇ ಮಾಡಲಿ. ಇಲ್ಲದಿದ್ದರೆ ಅವೇ ತಪ್ಪುಗಳನ್ನು ಇಪ್ಪತ್ತು ವರ್ಷಗಳ ತರುವಾಯ ಊರಿನ ಬ್ಯಾಂಕಿನಲ್ಲಿ, ನಗರಸಭೆಯಲ್ಲಿ, ನಿಮ್ಮದೇ ಶಾಲೆಯ ಆಡಳಿತ ಮಂಡಲಿಯಲ್ಲಿ ಮಾಡುವರು. ಆಗ ಕಳೆಯುವುದು ನಾಲ್ವತ್ತು ರೂಪಾಯಿಗಳಲ್ಲ. ಡಿರೋಜಿಯೋ ಆಗಲಿ ಕೃಷ್ಣಶಾಸ್ತ್ರಿಗಳಾಗಲಿ ಸಂಬಳಕ್ಕೆ ಹೇಳಿದ ಪಾಠಗಳು ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಪಾಠದ ಗಂಟೆ ಮುಗಿದ ಮೇಲೆ ಹುಡುಗರೊಡನೆ ಕುಳಿತು ಮಾಡಿದ ಕೆಲಸವು ಇಂದಿಗೂ ಉಳಿದಿದೆ. ಬರುವ ವರ್ಷದ ಮೊದಲ ಸಭೆಯ ದಿನ ಕೊಠಡಿಯ ಕೀಲಿಕೈಯನ್ನೂ ಲೆಕ್ಕದ ಪುಸ್ತಕವನ್ನೂ ಆರಿಸಿಬಂದ ಕಾರ್ಯದರ್ಶಿಯ ಕೈಗೆ ಕೊಟ್ಟು, ತಾವು ಹಿಂದಿನ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳಬೇಕೆಂದು ನಮ್ಮ ಬಿನ್ನಹ.